ಮಾರಾಟಕ್ಕಿಟ್ಟ ಮನೆಯ ಬಾಡಿಗೆದಾರ
ಬಾಡಿಗೆಗೆ ಕೊಟ್ಟ ಮನೆಯನ್ನು ಮಾರಲು ಮಾಲೀಕನಿಗೆ ಬಾಡಿಗೆದಾರನ ಒಪ್ಪಿಗೆ ಬೇಕಿಲ್ಲ. ಹಾಗೆಂದು ಮಾರಾಟವಾದ ಮಾತ್ರಕ್ಕೆ ಬಾಡಿಗೆ ಕರಾರು ಮುರಿದುಬೀಳುವುದೂ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನಂತೆ ಕೊಂಡವನು ಹಳೆಯ ಮಾಲೀಕನ ಜಾಗಕ್ಕೆ ಬರುತ್ತಾನೆ. ಮಾರಾಟದ ಸುದ್ದಿ ತಿಳಿಯದೆ ಹಳಬನಿಗೇ ಬಾಡಿಗೆ ಕಟ್ಟಿದವನು ಅದನ್ನು ಮತ್ತೆ ಕಟ್ಟಬೇಕಿಲ್ಲ. ತಿಂಗಳ ಲೆಕ್ಕದ ಬಾಡಿಗೆಗೆ, ಬೇರೆ ಕರಾರಿಲ್ಲದಿದ್ದರೆ, ಅದನ್ನು ಕೊನೆಗೊಳಿಸಲು 15 ದಿನದ ನೋಟಿಸು ಸಾಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದಕ್ಕಿಂತ ಹೆಚ್ಚಿನ ರಕ್ಷಣೆ ಕೊಡುತ್ತದೆ ನಿಜ, ಆದರೆ ಬೆಂಗಳೂರಿನಲ್ಲಿ ಅದು ಅನ್ವಯಿಸುವುದು ಬಾಡಿಗೆ ತಿಂಗಳಿಗೆ 3,500 ರೂಪಾಯಿ ಮೀರದ ಮನೆಗಳಿಗೆ ಮಾತ್ರ. ಆ ದರಕ್ಕೆ ಈಗ ಒಂದು ಕೋಣೆ ಸಿಕ್ಕರೂ ಪುಣ್ಯ. ಭಾನುವಾರ ಬೆಳಿಗ್ಗೆ ಬ್ರೋಕರ್ ಕೊಳ್ಳುವವರನ್ನು ಕರೆತಂದು ಅಡುಗೆಮನೆಯ ನಲ್ಲಿ ತಿರುಗಿಸಿ ತೋರಿಸುವಾಗಲೇ ಎಷ್ಟೋ ಮನೆಗಳಲ್ಲಿ ಮಾರಾಟದ ವಿಷಯ ಬಯಲಾಗುವುದು. ಆಗ ನಿಜವಾದ ಚಿಂತೆ ಅಡ್ವಾನ್ಸಿನದು: ಹಳಬ ಹೊಸಬನತ್ತ, ಹೊಸಬ ಹಳಬನತ್ತ ಬೊಟ್ಟು ಮಾಡುತ್ತಾರೆ. ಆ ಹಣ ಯಾರ ಕೈಗೆ ಹೋಯಿತೆಂದು ಕ್ರಯಪತ್ರದಲ್ಲೋ ಮೂವರೂ ಸಹಿ ಹಾಕಿದ ಪತ್ರದಲ್ಲೋ ಬರೆಸಿಕೊಳ್ಳುವುದೇ ದಾರಿ. ಲಕ್ಷಗಟ್ಟಲೆ ಕೊಟ್ಟು ಭೋಗ್ಯಕ್ಕೆ ಬಂದವರ ಪಾಡು ಇನ್ನೂ ಕಷ್ಟ. ಪತ್ರ ನೋಂದಣಿಯಾಗಿರದೆ, ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ, ಹರಾಜಿನಲ್ಲಿ ಬ್ಯಾಂಕಿನ ಸಾಲವೇ ಮುಂದೆ ನಿಲ್ಲುತ್ತದೆ. ಹಣ ಕೊಡುವ ಮುನ್ನ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ ನೋಡುವವರು ಕಡಿಮೆ.