ಕೆಡವುವ ಮುನ್ನ ಡೆಟ್ರಾಯಿಟ್ ನೆನಪಾಗಲಿ

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದಲ್ಲಿ 2024ರ ಜೂನ್ 6ರಂದು ಹಳೆಯ ರೈಲು ನಿಲ್ದಾಣವೊಂದು ಮರುಹುಟ್ಟು ಪಡೆಯಿತು. ಮಿಷಿಗನ್ ಸೆಂಟ್ರಲ್ ಎಂಬ ಹೆಸರಿನ ಈ ನಿಲ್ದಾಣದಿಂದ ಕೊನೆಯ ರೈಲು ಹೊರಟದ್ದು 1988ರ ಜನವರಿಯಲ್ಲಿ. ಆ ಬಳಿಕ ಮೂರು ದಶಕಗಳ ಕಾಲ ಅದು ಒಡೆದ ಕಿಟಕಿಗಳ, ನೀರು ಸೋರುವ ಛಾವಣಿಯ ಪಾಳು ಸೌಧವಾಗಿ ನಿಂತಿತ್ತು. 2009ರಲ್ಲಿ ಅಲ್ಲಿನ ನಗರ ಪರಿಷತ್ತು ಅದನ್ನು ಕೆಡವಬೇಕೆಂಬ ನಿರ್ಣಯವನ್ನೇ ಅಂಗೀಕರಿಸಿತ್ತು. ಆ ನಿರ್ಣಯ ಜಾರಿಗೆ ಬರಲಿಲ್ಲ. ಇಂದು ಅದೇ ಕಟ್ಟಡವನ್ನು ನೋಡಲು ಜನ ದೂರದ ಊರುಗಳಿಂದ ಬರುತ್ತಿದ್ದಾರೆ.

ಈ ಘಟನೆಯನ್ನು ಒಂದು ಉದ್ಯಮ ಸಂಸ್ಥೆಯ ಔದಾರ್ಯದ ಕಥೆಯಾಗಿ ಹೇಳುವುದು ವಾಡಿಕೆಯಾಗಿದೆ. ಅದು ಅರ್ಧ ಸತ್ಯ ಮಾತ್ರ. 2018ರಲ್ಲಿ ಫೋರ್ಡ್ ಕಂಪನಿ ಕೊಳ್ಳಲು ಬಂದಾಗ ಕೊಳ್ಳುವುದಕ್ಕೆ ಒಂದು ಕಟ್ಟಡವಿತ್ತು ಎಂಬುದು ಇನ್ನರ್ಧ ಸತ್ಯ. ಅದೇ ನಗರದ ಇನ್ನೆರಡು ಹೆಗ್ಗುರುತುಗಳಿಗೆ ಆ ಅವಕಾಶ ಸಿಗಲಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಡೆಟ್ರಾಯಿಟ್‌ನ ಪಾಠ ಸ್ಪಷ್ಟವಾಗುತ್ತದೆ.

ಕನ್ನಡಿಗರಿಗೆ ಈ ನಗರ ತೀರಾ ಅಪರಿಚಿತವೇನಲ್ಲ. 2002ರಲ್ಲಿ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಡೆಟ್ರಾಯಿಟ್‌ನಲ್ಲಿಯೇ. ವಾಹನೋದ್ಯಮದಲ್ಲಿ ದುಡಿಯುತ್ತಿರುವ ಅನೇಕ ಕನ್ನಡಿಗ ಎಂಜಿನಿಯರುಗಳು ಅಲ್ಲಿನ ಹೊರವಲಯದ ಪಟ್ಟಣಗಳಲ್ಲಿ ನೆಲೆಸಿದ್ದಾರೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಗತ್ತಿನ ಕಾರುಗಳ ರಾಜಧಾನಿಯಾಗಿ ಮೆರೆದ ಈ ನಗರದ ಜನಸಂಖ್ಯೆ 1950ರಲ್ಲಿ 18.5 ಲಕ್ಷವಿತ್ತು. 2020ರ ಗಣತಿಯ ವೇಳೆಗೆ ಅದು 6.39 ಲಕ್ಷಕ್ಕೆ ಕುಸಿದಿತ್ತು. ಎಪ್ಪತ್ತು ವರ್ಷಗಳಲ್ಲಿ ನಗರ ತನ್ನ ಮೂರನೇ ಎರಡು ಭಾಗ ಜನರನ್ನು ಕಳೆದುಕೊಂಡಿತು. 2013ರ ಜುಲೈಯಲ್ಲಿ, ಸುಮಾರು 1,800 ಕೋಟಿ ಡಾಲರ್ ಹೊಣೆಗಾರಿಕೆಯ ಭಾರದಡಿ, ನಗರಾಡಳಿತವೇ ದಿವಾಳಿ ಅರ್ಜಿ ಸಲ್ಲಿಸಿತು. ಇಂತಹ ನಗರದಲ್ಲಿ ಖಾಲಿ ಬಿದ್ದ ಬೃಹತ್ ಕಟ್ಟಡಗಳನ್ನು ಏನು ಮಾಡಬೇಕೆಂಬುದು ರಸಿಕರ ಹವ್ಯಾಸದ ಪ್ರಶ್ನೆಯಲ್ಲ. ಅದು ದೈನಂದಿನ ಆಡಳಿತದ ಪ್ರಶ್ನೆ.

ಮೊದಲಿಗೆ ಹಡ್ಸನ್ಸ್ ಮಳಿಗೆಯ ಕಥೆ. ಜೋಸೆಫ್ ಹಡ್ಸನ್ ಎಂಬ ವ್ಯಾಪಾರಿ 1881ರಲ್ಲಿ ಆರಂಭಿಸಿದ ಅಂಗಡಿ ಬೆಳೆಯುತ್ತಾ ಹೋಗಿ, ವುಡ್‌ವರ್ಡ್ ಅವೆನ್ಯೂದಲ್ಲಿ ಇಪ್ಪತ್ತು ಲಕ್ಷ ಚದರಡಿಗೂ ಮೀರಿದ ವಿಸ್ತಾರದ ಸೌಧವಾಯಿತು. ಗಾತ್ರದಲ್ಲಿ ನ್ಯೂಯಾರ್ಕ್‌ನ ಮೇಸೀಸ್ ಬಿಟ್ಟರೆ ಅಮೆರಿಕದಲ್ಲಿ ಅದರದೇ ಎರಡನೆಯ ಸ್ಥಾನ. 1924ರಲ್ಲಿ ಆರಂಭವಾದ ನಗರದ ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆಗೆ ಚಾಲನೆ ಕೊಟ್ಟದ್ದೂ ಈ ಮಳಿಗೆಯೇ. ಗಿರಾಕಿಗಳು ಉಪನಗರಗಳಿಗೆ ವಲಸೆ ಹೋದಂತೆ ವಹಿವಾಟು ಬತ್ತಿ, 1983ರ ಜನವರಿಯಲ್ಲಿ ಅದು ಬಾಗಿಲು ಮುಚ್ಚಿತು. ಹದಿನೈದು ವರ್ಷ ಖಾಲಿ ನಿಂತ ಕಟ್ಟಡವನ್ನು 1998ರ ಅಕ್ಟೋಬರ್ 24ರಂದು ಸ್ಫೋಟಕಗಳಿಂದ ಉರುಳಿಸಲಾಯಿತು. ಬಿದ್ದ ಅವಶೇಷ ಪಕ್ಕದ ಎತ್ತರಿಸಿದ ರೈಲು ಮಾರ್ಗವನ್ನೂ ಜಖಂಗೊಳಿಸಿತು.

ಹಳತನ್ನು ತೆಗೆದು ಜಾಗ ತೆರವುಗೊಳಿಸಿದರೆ ಬಂಡವಾಳ ತಾನಾಗಿ ಹರಿದು ಬರುತ್ತದೆ ಎಂಬುದು ಅಂದಿನ ನಂಬಿಕೆಯಾಗಿತ್ತು. ಬಂದದ್ದು ನೆಲದಡಿಯ ವಾಹನ ನಿಲುಗಡೆ ತಾಣ ಮಾತ್ರ. ಅದರ ಮೇಲೆ ಏಳಬೇಕಿದ್ದ ಕಟ್ಟಡಕ್ಕೆ ಭೂಮಿಪೂಜೆ ನಡೆದದ್ದು 2017ರ ಡಿಸೆಂಬರ್‌ನಲ್ಲಿ. ಅಂದರೆ ನಗರದ ಹೃದಯಭಾಗದ ಅತ್ಯಂತ ಬೆಲೆಬಾಳುವ ನಿವೇಶನವೊಂದು ಹತ್ತೊಂಬತ್ತು ವರ್ಷ ಬಯಲಾಗಿಯೇ ಉಳಿಯಿತು. ಈಗ ಅಲ್ಲಿ ಎದ್ದಿರುವ 680 ಅಡಿಗೂ ಎತ್ತರದ ಹೊಸ ಗೋಪುರಕ್ಕೆ ‘ಹಡ್ಸನ್ಸ್’ ಎಂದೇ ಹೆಸರಿಟ್ಟಿದ್ದಾರೆ. ಕಟ್ಟಡ ಹೋದರೂ ಅದರ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ ಎಂಬುದು ಇದರಿಂದ ಸಾಬೀತಾಯಿತು. ಹೆಸರಿಗೇ ಇಷ್ಟು ಬೆಲೆಯಾದರೆ ಕಟ್ಟಡಕ್ಕೆ ಎಷ್ಟಿರಬಹುದಿತ್ತು ಎಂದು ಲೆಕ್ಕ ಹಾಕುವ ದಾರಿ ಈಗ ಯಾರಿಗೂ ಉಳಿದಿಲ್ಲ.

ಇನ್ನು ರೈಲು ನಿಲ್ದಾಣ. 1913ರ ಡಿಸೆಂಬರ್ 26ರಂದು ಹಳೆಯ ನಿಲ್ದಾಣಕ್ಕೆ ಬೆಂಕಿ ಬಿದ್ದುದರಿಂದ, ಆಗಷ್ಟೇ ಸಿದ್ಧವಾಗುತ್ತಿದ್ದ ಮಿಷಿಗನ್ ಸೆಂಟ್ರಲ್ ಅನ್ನು ಅದೇ ದಿನ ತರಾತುರಿಯಲ್ಲಿ ತೆರೆಯಬೇಕಾಯಿತು. ಅದನ್ನು ವಿನ್ಯಾಸಗೊಳಿಸಿದ್ದು ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣವನ್ನು ರೂಪಿಸಿದ ವಾಸ್ತುಶಿಲ್ಪಿಗಳೇ. ಡೆಟ್ರಾಯಿಟ್‌ನ ಕಾರುಗಳೇ ಮುಂದೆ ರೈಲು ಪ್ರಯಾಣವನ್ನು ನುಂಗಿದವು. ಪಾಳುಬಿದ್ದ ನಿಲ್ದಾಣದ ಚಿತ್ರ ಡೆಟ್ರಾಯಿಟ್‌ನ ಅವನತಿಯ ಸಂಕೇತವಾಗಿ ಲೋಕವನ್ನೆಲ್ಲ ಸುತ್ತಿತು. 2009ರ ನಿರ್ಣಯದ ಹಿಂದೆ ಈ ಅವಮಾನವೂ ಕೆಲಸ ಮಾಡಿರಬೇಕು. ಆದರೆ ಕಟ್ಟಡ 1975ರಿಂದಲೂ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿತ್ತು. ಕೆಡವುವ ವೆಚ್ಚ ಯಾರದು ಎಂಬ ತಕರಾರೂ ಇತ್ತು. ಹೀಗೆ ವಿಷಯ ಮುಂದಕ್ಕೆ ಹೋಯಿತು.

ಒಂಬತ್ತು ವರ್ಷಗಳ ನಂತರ ಫೋರ್ಡ್ ಕಂಪನಿ ಸುಮಾರು 9 ಕೋಟಿ ಡಾಲರ್ ಕೊಟ್ಟು ಅದನ್ನು ಖರೀದಿಸಿತು. ಆರು ವರ್ಷಗಳ ದುರಸ್ತಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ದುಡಿದರು. ಮೂಲ ಕಟ್ಟಡಕ್ಕೆ ಸುಣ್ಣಕಲ್ಲು ಒದಗಿಸಿದ್ದ ಇಂಡಿಯಾನಾ ರಾಜ್ಯದ ಗಣಿಯಿಂದಲೇ 600 ಟನ್ ಕಲ್ಲು ತರಿಸಲಾಯಿತು. ನಿರೀಕ್ಷಣಾ ಸಭಾಂಗಣದ ಕಮಾನು ಛಾವಣಿಯ 29,000 ಹೆಂಚುಗಳನ್ನು ಪುನರುದ್ಧರಿಸಲಾಯಿತು. ಮಾರಾಟದ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ, ಎಷ್ಟೋ ವರ್ಷಗಳ ಹಿಂದೆ ನಿಲ್ದಾಣದಿಂದ ಕಾಣೆಯಾಗಿದ್ದ ಗಡಿಯಾರವೊಂದನ್ನು ಅನಾಮಧೇಯ ವ್ಯಕ್ತಿಯೊಬ್ಬ ದೂರವಾಣಿ ಮೂಲಕ ತಿಳಿಸಿ ಹಿಂದಿರುಗಿಸಿದ. ಇಂದು ಅಲ್ಲಿ ಪ್ರಯಾಣಿಕರ ರೈಲು ನಿಲ್ಲುವುದಿಲ್ಲ. ತಂತ್ರಜ್ಞಾನ ಸಂಸ್ಥೆಗಳ ಕಚೇರಿಗಳಿವೆ. ಕಟ್ಟಿದವರ ಕನಸಿನಲ್ಲೂ ಇರದಿದ್ದ ಬಳಕೆ ಅದು.

ಆಡಳಿತದಲ್ಲಿ ದಶಕಗಳನ್ನು ಕಳೆದ ನನ್ನಂಥವರಿಗೆ ‘ವಿಳಂಬ’ ಎಂಬುದು ಬೈಗುಳವಾಗಿಯೇ ಪರಿಚಿತ. ಕಡತ ಚಲಿಸದಿದ್ದರೆ ಅದು ಅದಕ್ಷತೆ. ತೀರ್ಮಾನ ತಡವಾದರೆ ಅದು ಹೊಣೆಗೇಡಿತನ. ಬಹುಪಾಲು ಸಂದರ್ಭಗಳಲ್ಲಿ ಈ ಟೀಕೆ ನ್ಯಾಯವೇ. ಆದರೆ ಒಂದು ಬಗೆಯ ತೀರ್ಮಾನಕ್ಕೆ ಬೇರೆ ಅಳತೆಗೋಲು ಬೇಕು. 1974ರಲ್ಲಿ ಅರ್ಥಶಾಸ್ತ್ರಜ್ಞರಾದ ಕೆನೆತ್ ಆ್ಯರೋ ಮತ್ತು ಆ್ಯಂಥೊನಿ ಫಿಶರ್ ಪರಿಸರ ಸಂರಕ್ಷಣೆಯನ್ನು ಕುರಿತು ಬರೆದ ಪ್ರಬಂಧವೊಂದರಲ್ಲಿ ಇದನ್ನು ತರ್ಕಬದ್ಧವಾಗಿ ನಿರೂಪಿಸಿದರು. ಭವಿಷ್ಯ ಅನಿಶ್ಚಿತವಾಗಿದ್ದು, ಎದುರಿಗಿರುವ ಎರಡು ದಾರಿಗಳಲ್ಲಿ ಒಂದು ಮಾತ್ರ ಹಿಂದಿರುಗಿ ಬರಲಾಗದ್ದಾಗಿದ್ದರೆ, ಹಿಂದಿರುಗಬಲ್ಲ ದಾರಿಗೆ ಅದರದೇ ಆದ ಹೆಚ್ಚುವರಿ ಮೌಲ್ಯವಿರುತ್ತದೆ. ಇಂದು ಉಳಿಸಿದ್ದನ್ನು ನಾಳೆ ಕೆಡವಬಹುದು. ಇಂದು ಕೆಡವಿದ್ದನ್ನು ನಾಳೆ ಉಳಿಸಲಾಗದು. ಲಾಭ ನಷ್ಟದ ಪಟ್ಟಿ ತಯಾರಿಸುವಾಗ ಈ ಮೌಲ್ಯವನ್ನು ಸೇರಿಸದಿದ್ದರೆ ಲೆಕ್ಕವೇ ತಪ್ಪುತ್ತದೆ. 2009ರಲ್ಲಿ ಮಿಷಿಗನ್ ಸೆಂಟ್ರಲ್‌ನ ಮಾರುಕಟ್ಟೆ ಬೆಲೆ ನಗಣ್ಯವೆಂದೇ ತೋರಿದ್ದಿರಬಹುದು. ಆದರೆ ಅದರ ಭವಿಷ್ಯದ ಸಾಧ್ಯತೆಯ ಬೆಲೆ ನಗಣ್ಯವಾಗಿರಲಿಲ್ಲ.

ಈ ವಾದ ಭವ್ಯ ಕಟ್ಟಡಗಳಿಗಷ್ಟೇ ಅನ್ವಯಿಸುತ್ತದೆ ಎಂದುಕೊಂಡರೆ ಮೂರನೆಯ ಕಥೆಯನ್ನು ಮರೆತಂತಾಗುತ್ತದೆ. ಡೆಟ್ರಾಯಿಟ್‌ನ ಪೂರ್ವಭಾಗದಲ್ಲಿ ‘ಬ್ಲ್ಯಾಕ್ ಬಾಟಮ್’ ಎಂಬ ಬಡಾವಣೆಯಿತ್ತು. ಫ್ರೆಂಚ್ ರೈತರು ಅಲ್ಲಿನ ಫಲವತ್ತಾದ ಕಪ್ಪು ಮಣ್ಣನ್ನು ಕಂಡು ಇಟ್ಟ ಹೆಸರು ಅದು. ದಕ್ಷಿಣದ ರಾಜ್ಯಗಳಿಂದ ಕೆಲಸ ಅರಸಿ ಬಂದ ಆಫ್ರಿಕನ್ ಅಮೆರಿಕನ್ನರಿಗೆ ನಗರದ ಬೇರೆಡೆ ಮನೆ ಸಿಗುವುದು ದುಸ್ತರವಾಗಿದ್ದರಿಂದ ಅವರು ಅಲ್ಲಿ ಒತ್ತೊತ್ತಾಗಿ ನೆಲೆಸಿದರು. ಮುಷ್ಟಿಕಾಳಗದ ವಿಶ್ವವಿಜೇತ ಜೋ ಲೂಯಿಸ್ ಬಾಲ್ಯ ಕಳೆದದ್ದು ಅಲ್ಲಿ. ನಗರದ ಮೊದಲ ಕರಿಯ ಮೇಯರ್ ಕೋಲ್ಮನ್ ಯಂಗ್ ಬೆಳೆದದ್ದೂ ಅಲ್ಲಿ. ಪಕ್ಕದ ‘ಪ್ಯಾರಡೈಸ್ ವ್ಯಾಲಿ’ ಅವರ ವ್ಯಾಪಾರದ, ಸಂಗೀತದ ಕೇಂದ್ರ. ಹೇಸ್ಟಿಂಗ್ಸ್ ಸ್ಟ್ರೀಟ್ ಇವೆರಡರ ಬೆನ್ನೆಲುಬು. ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ ಅವರ ತಂದೆ ಬೋಧಕರಾಗಿದ್ದ ಚರ್ಚು ಇದ್ದದ್ದು ಆ ಬೀದಿಯಲ್ಲಿಯೇ.

1950ರ ದಶಕದ ಆರಂಭದಿಂದ ‘ಕೊಳೆಗೇರಿ ನಿರ್ಮೂಲನೆ’ಯ ಹೆಸರಿನಲ್ಲಿ ಈ ಬಡಾವಣೆಯನ್ನು ನೆಲಸಮ ಮಾಡಲಾಯಿತು. ಹೆಚ್ಚಿನ ನಿವಾಸಿಗಳು ಬಾಡಿಗೆದಾರರು; ಅವರಿಗೆ ದೊರೆತ ಪುನರ್ವಸತಿ ಅತ್ಯಲ್ಪ. ಇಲ್ಲಿಯೂ ಕೆಡವಲು ಇದ್ದ ಅವಸರ ಕಟ್ಟಲು ಇರಲಿಲ್ಲ. ತೆರವಾದ ಭೂಮಿ ವರ್ಷಗಟ್ಟಲೆ ಹಾಳು ಸುರಿದು, ಜನರ ಬಾಯಲ್ಲಿ ‘ಕಳೆಗಿಡದ ಎಕರೆಗಳು’ ಎಂಬ ಅಡ್ಡಹೆಸರು ಪಡೆಯಿತು. ಆಮೇಲೆ ಅಲ್ಲಿ ಖ್ಯಾತ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ವಿನ್ಯಾಸದ ಲಫಾಯೆಟ್ ಪಾರ್ಕ್ ವಸತಿ ಸಮುಚ್ಚಯ ಬಂತು. ಹೇಸ್ಟಿಂಗ್ಸ್ ಸ್ಟ್ರೀಟ್ ಇದ್ದ ಜಾಗದಲ್ಲಿ ತಗ್ಗಿನಲ್ಲಿ ಹಾಯುವ ಹೆದ್ದಾರಿ ಬಂತು. ಅದರ ಐ-375 ಎಂಬ ಭಾಗ 1964ರಲ್ಲಿ ತೆರೆಯಿತು. 2015ರಲ್ಲಿ ಲಫಾಯೆಟ್ ಪಾರ್ಕ್ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಗಿ ಘೋಷಿತವಾಯಿತು. ಆ ಗೌರವಕ್ಕೆ ಅದು ಅರ್ಹವೇ ಇರಬಹುದು. ಆದರೆ ಅದರ ಕೆಳಗೆ ಹೂತುಹೋದ ಬಡಾವಣೆಯ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳಲ್ಲಿ ಯಾವುದನ್ನೂ ಕೆಡವಿದವರು ಹೆಗ್ಗುರುತೆಂದು ಪರಿಗಣಿಸಲೇ ಇಲ್ಲ. ಹಡ್ಸನ್ಸ್ ಮಳಿಗೆಗೆ ಹದಿನೈದು ವರ್ಷ, ರೈಲು ನಿಲ್ದಾಣಕ್ಕೆ ಮೂವತ್ತು ವರ್ಷ ಕಾಲಾವಕಾಶ ದೊರೆಯಿತು. ಜನ ವಾಸವಾಗಿದ್ದ ಬ್ಲ್ಯಾಕ್ ಬಾಟಮ್‌ಗೆ ಅಂಥ ವಿಳಂಬದ ಭಾಗ್ಯ ಒದಗಲಿಲ್ಲ. ಖಾಲಿ ಕಟ್ಟಡಕ್ಕೆ ತೋರಿದ ತಾಳ್ಮೆಯನ್ನು ತುಂಬಿದ ಬೀದಿಗೆ ತೋರಲಿಲ್ಲ ಎಂಬುದೇ ಈ ಇತಿಹಾಸದ ಕಹಿ ಭಾಗ.

ಹಾಗೆಂದು ಯಾವುದನ್ನೂ ಕೆಡವಲೇಬಾರದು ಎಂಬುದು ಈ ಲೇಖನದ ನಿಲುವಲ್ಲ. ಕಾಯುವುದಕ್ಕೂ ಬೆಲೆಯಿದೆ. ಸುಟ್ಟು ಕರಕಲಾದ ಖಾಲಿ ಮನೆಯ ಪಕ್ಕದಲ್ಲಿ ಮಕ್ಕಳನ್ನು ಬೆಳೆಸುವ ಕುಟುಂಬಕ್ಕೆ ಭವಿಷ್ಯದ ಸಾಧ್ಯತೆಯ ಸಿದ್ಧಾಂತವನ್ನು ಬೋಧಿಸುವುದು ಕ್ರೌರ್ಯವಾದೀತು. ಡೆಟ್ರಾಯಿಟ್‌ನಲ್ಲಿ 2014ರಲ್ಲಿ ವರದಿ ನೀಡಿದ ಕಾರ್ಯಪಡೆಯೊಂದು ನಲವತ್ತು ಸಾವಿರದಷ್ಟು ಶಿಥಿಲ ಕಟ್ಟಡಗಳನ್ನು ಗುರುತಿಸಿ, ಅವುಗಳನ್ನು ತೆರವುಗೊಳಿಸಬೇಕೆಂದಿತ್ತು. ಅವುಗಳಲ್ಲಿ ಬಹುತೇಕ ಹೋಗಬೇಕಾದವೇ. ಅದರ ಜೊತೆಗೆ ಇನ್ನೊಂದು ಮಾತನ್ನೂ ಒಪ್ಪಬೇಕು: ಮಿಷಿಗನ್ ಸೆಂಟ್ರಲ್‌ಗೆ ಶ್ರೀಮಂತ ಖರೀದಿದಾರ ಸಿಕ್ಕದ್ದು ಅದೃಷ್ಟ. ಸುತ್ತಲಿನ ಕಟ್ಟಡಗಳೂ ಸೇರಿ ಅಲ್ಲಿ ತಗುಲಿದ ಸುಮಾರು 95 ಕೋಟಿ ಡಾಲರ್ ಎಲ್ಲ ಊರುಗಳಿಗೂ ಎಟಕುವ ಮೊತ್ತವಲ್ಲ.

ಆದ್ದರಿಂದ ಬೇಕಿರುವುದು ಸಾರಾಸಗಟು ನಿಷೇಧವಲ್ಲ, ಒಂದು ವಿವೇಕದ ನಿಯಮ. ಕೆಡವುವ ಅನುಮತಿಗೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ಈ ಜಾಗದಲ್ಲಿ ಬರಲಿರುವುದು ಏನು, ಮತ್ತು ಅದಕ್ಕೆ ಹಣ ಕೈಯಲ್ಲಿದೆಯೇ ಅಥವಾ ಆಶ್ವಾಸನೆಯಲ್ಲಿದೆಯೇ? ಕಟ್ಟಡ ಇನ್ನಷ್ಟು ಹಾಳಾಗದಂತೆ ಬಂದೋಬಸ್ತು ಮಾಡಿ ಕೆಲವು ವರ್ಷ ಕಾಯಲು ತಗುಲುವ ವೆಚ್ಚವೆಷ್ಟು? ಆ ಸ್ಥಳ ಯಾರ ಬದುಕಿನ ಭಾಗವಾಗಿದೆ, ಅವರ ಮಾತನ್ನು ಕೇಳಲಾಗಿದೆಯೇ? ಮೊದಲ ಪ್ರಶ್ನೆಯನ್ನು ಕೇಳಿದ್ದರೆ ವುಡ್‌ವರ್ಡ್ ಅವೆನ್ಯೂ ಹತ್ತೊಂಬತ್ತು ವರ್ಷ ಬಯಲು ನೋಡಬೇಕಿರಲಿಲ್ಲ. ಮೂರನೆಯದನ್ನು ಕೇಳಿದ್ದರೆ ಹೇಸ್ಟಿಂಗ್ಸ್ ಸ್ಟ್ರೀಟ್‌ನ ಸ್ವಲ್ಪ ಭಾಗವಾದರೂ ಉಳಿಯುತ್ತಿತ್ತು.

ಈ ಪ್ರಶ್ನೆಗಳು ಡೆಟ್ರಾಯಿಟ್‌ಗೆ ಮತ್ತೆ ಎದುರಾಗಿವೆ. ಹೆನ್ರಿ ಫೋರ್ಡ್ ದ್ವಿತೀಯರ ಪ್ರೇರಣೆಯಿಂದ, ವಾಸ್ತುಶಿಲ್ಪಿ ಜಾನ್ ಪೋರ್ಟ್‌ಮನ್ ವಿನ್ಯಾಸದಂತೆ ನದಿಯ ದಂಡೆಯ ಮೇಲೆ ಎದ್ದು 1977ರಲ್ಲಿ ಉದ್ಘಾಟನೆಗೊಂಡ ರಿನೈಸಾನ್ಸ್ ಸೆಂಟರ್ ಇಂದು ನಗರದ ಮುಖಚಿತ್ರವೇ ಆಗಿದೆ. ಅಲ್ಲಿದ್ದ ಕೇಂದ್ರ ಕಚೇರಿಯನ್ನು ಹೊಸ ಹಡ್ಸನ್ಸ್ ಕಟ್ಟಡಕ್ಕೆ ಸಾಗಿಸುವುದಾಗಿ ಜನರಲ್ ಮೋಟರ್ಸ್ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ, ಸೆಂಟರಿನ ಎರಡು ಗೋಪುರಗಳನ್ನು ಕೆಡವಿ ಉಳಿದವನ್ನು ಮಾರ್ಪಡಿಸುವ ಪ್ರಸ್ತಾವ ಹೊರಬಂತು. ಐವತ್ತು ವರ್ಷವೂ ತುಂಬದ ಗಾಜಿನ ಗೋಪುರಗಳ ಬಗ್ಗೆ ಯಾರಿಗೆ ಮಮಕಾರ ಎಂದು ಕೇಳುವವರು, 1983ರಲ್ಲಿ ಹಡ್ಸನ್ಸ್ ಮುಚ್ಚಿದಾಗಲೂ ಇದೇ ಪ್ರಶ್ನೆ ಕೇಳಬಹುದಾಗಿತ್ತು ಎಂಬುದನ್ನು ನೆನೆಯಬೇಕು. ಆ ಗೋಪುರಗಳು ಉಳಿಯಲೇಬೇಕೆಂದು ದೂರದಲ್ಲಿರುವ ನಾವು ಹೇಳಲಾಗದು. ಬದಲಿ ಬಳಕೆಯ ಹಣ ಖಚಿತವಾಗುವ ತನಕ ಕೆಡವುವ ಯಂತ್ರಗಳು ಕಾಯಲಿ ಎಂದಷ್ಟೇ ಹೇಳಬಹುದು.

ಕೆಡವಿದ್ದನ್ನು ಸರಿಪಡಿಸುವುದು ಎಷ್ಟು ಕಷ್ಟವೆಂಬುದಕ್ಕೂ ಅದೇ ನಗರದಲ್ಲಿ ನಿದರ್ಶನವಿದೆ. ಐ-375 ಹೆದ್ದಾರಿಯನ್ನು ಮುಚ್ಚಿ ಮತ್ತೆ ನೆಲಮಟ್ಟದ ಬೀದಿಯಾಗಿಸಲು 2022ರಲ್ಲಿ ಒಕ್ಕೂಟ ಸರ್ಕಾರ 10.46 ಕೋಟಿ ಡಾಲರ್ ಅನುದಾನ ಪ್ರಕಟಿಸಿತು. ವೆಚ್ಚ ಏರುತ್ತಾ ಹೋಗಿ 2025ರಲ್ಲಿ ಯೋಜನೆಯನ್ನು ತಡೆಹಿಡಿಯಲಾಯಿತು. ನಾಳೆ ಅದು ಪೂರ್ಣಗೊಂಡರೂ ದೊರೆಯುವುದು ಒಂದು ಬೀದಿ ಮಾತ್ರ. ಚದುರಿಹೋದ ಅಂಗಡಿಕಾರರು, ನೆರೆಹೊರೆ, ಅರವತ್ತು ವರ್ಷಗಳಲ್ಲಿ ಅವರು ಕಟ್ಟಿಕೊಳ್ಳಬಹುದಾಗಿದ್ದ ಆಸ್ತಿ ಇವು ಯಾವ ಅನುದಾನದಿಂದಲೂ ಹಿಂದಿರುಗುವುದಿಲ್ಲ. ನಗರದ ಹೆಗ್ಗುರುತುಗಳ ಮೇಲೆ ಅಧಿಕಾರ ಚಲಾಯಿಸುವವರು ಎಲ್ಲಿಯವರೇ ಆಗಿರಲಿ, ಸಹಿ ಹಾಕುವ ಮುನ್ನ ಈ ಲೆಕ್ಕವನ್ನೂ ಕಡತದಲ್ಲಿ ಸೇರಿಸಿಕೊಳ್ಳುವುದು ಒಳಿತು.