ದಡ ಸವರಿದರೆ ಕೆರೆ ಉಳಿಯದು

ಬೆಂಗಳೂರಿನ ಕೆರೆಗಳಲ್ಲಿ ಜಲಕಳೆ ತೆಗೆಯುವ ಕೆಲಸ ಬಹುಪಾಲು ಜನರ ಕಣ್ಣಿಗೆ ಬೀಳುವ ಜಾಗಕ್ಕೇ ಸೀಮಿತವಾಗಿದೆ. ಗಣೇಶ ವಿಸರ್ಜನೆಗೆ ಮುನ್ನ ಮೆಟ್ಟಿಲ ಬಳಿ ಒಂದಿಷ್ಟು, ನಡಿಗೆಪಥದ ಪಕ್ಕ ಒಂದಿಷ್ಟು ತೆರವಾಗುತ್ತದೆ, ಬಿಲ್ ಪಾಸಾಗುತ್ತದೆ. ಕೆಲವೇ ವಾರಗಳಲ್ಲಿ ಅಲ್ಲಿ ಮತ್ತೆ ಅಂತರಗಂಗೆ ಹಬ್ಬಿರುತ್ತದೆ. ಸಾರ್ವಜನಿಕರ ಹಣ ಹೀಗೆ ಪೋಲಾಗುವುದನ್ನು ಇನ್ನು ಸಹಿಸಬಾರದು.

ಹೂವಿನ ಅಂದಕ್ಕೆ ಮರುಳಾಗಿ ದಕ್ಷಿಣ ಅಮೆರಿಕದಿಂದ ತಂದ ಗಿಡವಿದು. ಕೊಳಚೆಯಲ್ಲಿರುವ ಸಾರಜನಕ, ರಂಜಕಗಳೇ ಇದಕ್ಕೆ ಗೊಬ್ಬರ. ಅವು ಯಥೇಚ್ಛವಾಗಿ ಸಿಕ್ಕರೆ ಎರಡು ವಾರಗಳಲ್ಲಿ ದುಪ್ಪಟ್ಟಾಗಬಲ್ಲದು. ಕೆಸರಿನಲ್ಲಿ ಬಿದ್ದ ಬೀಜ 15 ವರ್ಷ ಕಳೆದರೂ ಮೊಳೆಯಬಲ್ಲದು. ರಾಜಕಾಲುವೆಯಲ್ಲಿ ಕೊಳಚೆ ಹರಿದು ಬರುತ್ತಿರುವಾಗ ದಡದ ಕಳೆ ಕಿತ್ತರೆ ಏನು ಬಂತು?

ಕಿತ್ತ ಕಳೆಯ ಗತಿಯನ್ನೂ ನೋಡಬೇಕು. ಹಲವು ಕಡೆ ಅದನ್ನು ಏರಿಯ ಒಳಬದಿಯಲ್ಲೇ ರಾಶಿ ಹಾಕುತ್ತಾರೆ. ಗಿಡದ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು; ರಾಶಿ ಕುಸಿದು ಕೊಳೆಯುತ್ತಿದ್ದಂತೆ ಕಪ್ಪು ರಸ ಇಳಿದು ಕೆರೆಯನ್ನೇ ಸೇರುತ್ತದೆ. ಒಂದು ಮಳೆ ಬಿದ್ದರೆ ಬಳ್ಳಿಯ ತುಂಡುಗಳು ಜಾರಿ ನೀರಿಗಿಳಿದು ಚಿಗುರುತ್ತವೆ. ಹಣ ಕೊಟ್ಟು ಹೊರಗೆಳೆದದ್ದನ್ನು ಕೆರೆಗೇ ಮರಳಿಸುವ ಈ ಪದ್ಧತಿ ಅಕ್ಷಮ್ಯ. ಇದರ ಪೆಟ್ಟು ಮೊದಲು ಬೀಳುವುದು ಮೀನುಗಾರರ ಮೇಲೆ: ತೆಪ್ಪ ಇಳಿಸಲು ಜಾಗವಿಲ್ಲ, ಬೀಸಿದ ಬಲೆ ಬೇರಿಗೆ ಸಿಕ್ಕಿ ಹರಿಯುತ್ತದೆ. ಕೋಡಿಯಲ್ಲಿ ಕಳೆ ಕಟ್ಟಿಕೊಂಡರೆ ಮಳೆಗಾಲದಲ್ಲಿ ಊರಿಗೂ ಅಪಾಯ.

ದಾರಿ ಗೊತ್ತಿಲ್ಲವೆಂದು ಯಾರೂ ಹೇಳುವಂತಿಲ್ಲ. 1980ರ ದಶಕದಲ್ಲೇ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಗಿಡವನ್ನಷ್ಟೇ ತಿನ್ನುವ ಮೂತಿಹುಳುಗಳನ್ನು ಹೆಬ್ಬಾಳ ಕೆರೆಯಲ್ಲಿ ಬಿಟ್ಟು ಕಳೆಯನ್ನು ಹತೋಟಿಗೆ ತಂದಿದ್ದರು. ಹುಳು ಕೆಲಸ ಮಾಡಲು ವರ್ಷಗಳು ಬೇಕು. ಕೆರೆಯಿಡೀ ಯಂತ್ರ ಓಡಿಸಿದರೆ ಗಿಡದೊಂದಿಗೆ ಹುಳುವೂ ಹೋಗುತ್ತದೆ. ಜನ ಇಳಿಯುವ ಕಡೆ, ಕೋಡಿಯ ಬಳಿ, ತೂಬಿನ ಮುಂದೆ ಯಂತ್ರ ಇರಲಿ; ಉಳಿದೆಡೆ ಹುಳುವಿಗೆ ಕಾಲಾವಕಾಶ ಸಿಗಲಿ. ಬೇಗ ಮುಗಿಯುತ್ತದೆಂದು ಕಳೆನಾಶಕ ಸಿಂಪಡಿಸುವುದಂತೂ ಸಲ್ಲದು. ಸತ್ತ ಗಿಡ ನೀರಿನಲ್ಲೇ ಕೊಳೆತು ಆಮ್ಲಜನಕ ಹೀರಿದರೆ ಮೀನು ಸಾಯುತ್ತವೆ.

ಬೆಳ್ಳಂದೂರು ಕೆರೆಯ ದುಃಸ್ಥಿತಿಗಾಗಿ 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ವಿಧಿಸಿತು. ಅಷ್ಟಾದ ಮೇಲೂ ಪಾಲಿಕೆ ಕಳೆ ತೆಗೆಯುವುದು, ಜಲಮಂಡಳಿ ಕೊಳಚೆ ನೋಡಿಕೊಳ್ಳುವುದು ಎಂದು ಹೊಣೆಯನ್ನು ಹಂಚಿ ಇಬ್ಬರೂ ಕೈತೊಳೆದುಕೊಳ್ಳುವುದು ತಪ್ಪು. ಎತ್ತಿದ ಲೋಡುಗಳಿಗೆ ಹಣ ಕೊಡುವುದು ನಿಲ್ಲಬೇಕು. ವರ್ಷವಿಡೀ ನೀರು ಕಳೆಯಿಲ್ಲದೆ ಇದ್ದರೆ ಮಾತ್ರ ಗುತ್ತಿಗೆದಾರನಿಗೆ ಹಣ ಸಂದಾಯವಾಗಬೇಕು. ಕಿತ್ತ ಕಳೆ ಅಂದೇ ಕೆರೆಯಂಗಳ ದಾಟಿ ಗೊಬ್ಬರದ ಗುಂಡಿ ಸೇರಬೇಕು. ಆ ಕೆರೆಗೆ ಬೀಳುವ ಕೊಳಚೆ ಯಾವ ದಿನಾಂಕದೊಳಗೆ ನಿಲ್ಲುತ್ತದೆ ಎಂಬ ಜಲಮಂಡಳಿಯ ಲಿಖಿತ ಭರವಸೆ ಇಲ್ಲದ ಯಾವ ಕಳೆ ಟೆಂಡರಿಗೂ ಪಾಲಿಕೆ ಸಹಿ ಹಾಕಕೂಡದು.