ಜಾತಕ ಕೂಡಿತು, ನೆತ್ತರು ಕೂಡಿತೇ?

ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋದ ನಮ್ಮ ರೈತನು ಒಂದು ಜೊತೆ ಎತ್ತು ಕೊಳ್ಳುವ ಮುನ್ನ ಎಷ್ಟು ವಿಚಾರಿಸುತ್ತಾನೆ! ಹಲ್ಲು ಹಿಡಿದು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ತಾಯಿಹಸು ಎಂಥದೆಂದು ಕೇಳುತ್ತಾನೆ. ಅದೇ ರೈತನು ಮಗಳಿಗೆ ವರನನ್ನು ಹುಡುಕಲು ಹೊರಟಾಗ ಕೇಳುವುದೇನು? ಜಮೀನೆಷ್ಟು, ಹೊಗೆಸೊಪ್ಪಿನ ಲೈಸೆನ್ಸ್ ಉಂಟೇ, ನೌಕರಿ ಕಾಯಂ ಆಗಿದೆಯೇ, ಜಾತಕ ಕೂಡಿತೇ. ಆ ಮನೆತನದಲ್ಲಿ ಎಳೆಯ ಮಕ್ಕಳು ಯಾವ ಕಾಯಿಲೆಯಿಂದ ತೀರಿಕೊಂಡರು, ಮೂಕರೋ ಕಿವುಡರೋ ಆಗಿ ಹುಟ್ಟಿದವರುಂಟೇ ಎಂಬ ಪ್ರಶ್ನೆ ಮಾತ್ರ ಬಾಯಿಗೆ ಬಾರದು. ಕೇಳಿದರೆ ಅಪಚಾರ, ಹೇಳಿದರೆ ಅವಮಾನ. ಈ ಮೌನದ ಬೆಲೆಯನ್ನು ತೆರುವವರು ಕೇಳದವರೂ ಅಲ್ಲ, ಹೇಳದವರೂ ಅಲ್ಲ. ಮುಂದೆ ಹುಟ್ಟಲಿರುವ ಕೂಸು.

ನಮ್ಮ ಕಂಪಲಾಪುರದ ಸೀಮೆಯಿಂದ ನಾಗರಹೊಳೆಯ ಕಾಡಂಚಿಗೆ ಹೋದರೆ ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳು ಸಿಗುತ್ತವೆ. ಈ ಜನರಲ್ಲಿ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತರೋಗವುಂಟು. ರಕ್ತದ ಕೆಂಪುಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಸಹಿಸಲಾರದ ನೋವನ್ನು ಕೊಡುತ್ತವೆ. ನಮ್ಮ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ದೋಷವಿರುವುದನ್ನು ವಿಜ್ಞಾನಿಗಳು 1952ರಷ್ಟು ಹಿಂದೆಯೇ ಗುರುತಿಸಿದ್ದರು. 2023ರ ಜುಲೈ 1ರಂದು ಕೇಂದ್ರ ಸರ್ಕಾರವು ಇದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. 2047ರೊಳಗೆ ಗುರಿ ಮುಟ್ಟಬೇಕೆಂಬುದು ಸಂಕಲ್ಪ. ಪರೀಕ್ಷೆಗೊಳಗಾದವರಿಗೆ ಬಣ್ಣದ ಗುರುತಿನ ಕಾರ್ಡನ್ನು ಕೊಡುವ ವ್ಯವಸ್ಥೆ ಅದರಲ್ಲಿದೆ. ಮದುವೆಯ ಮಾತು ಬಂದಾಗ ಎರಡು ಕಾರ್ಡುಗಳನ್ನು ಹೋಲಿಸಿ ನೋಡಲೆಂದೇ ಈ ಏರ್ಪಾಡು.

ಇಲ್ಲಿನ ವಿಪರ್ಯಾಸವನ್ನು ವಾಚಕರು ಗಮನಿಸಬೇಕು. ನಾವು ಹಿಂದುಳಿದವರೆಂದು ಕರೆಯುವ ಹಾಡಿಯ ಯುವಕನ ಕೈಗೆ ನೆತ್ತರಿನ ಕಾರ್ಡು ಬರುತ್ತಿರುವ ಕಾಲದಲ್ಲಿ, ಓದಿದವರೆನಿಸಿದ ನಮ್ಮ ಕೇರಿಯ ವರನ ಕೈಯಲ್ಲಿರುವುದು ಜಾತಕ! ತಿಥಿ ವಾರ ನಕ್ಷತ್ರಗಳ ಭಯವನ್ನು ಬಿಡಿಸಿದ ಶರಣರ ಹೆಸರನ್ನು ದಿನವೂ ಹೇಳುವ ನಾವು, ಕುಜದೋಷಕ್ಕೆ ಹೆದರುತ್ತೇವೆ. ರಕ್ತದೋಷವನ್ನು ಕೇಳಲು ನಾಚುತ್ತೇವೆ.

“ಅದು ಹಾಡಿಯ ಕಾಯಿಲೆ, ನಮಗೇಕೆ?” ಎನ್ನುವವರುಂಟು. ಇದು ಅಜ್ಞಾನದ ಮಾತು. ಸಿಕಲ್ ಸೆಲ್‌ನ ಸೋದರಿಯಂತಿರುವ ಥಲಸ್ಸೇಮಿಯಾಕ್ಕೆ ಜಾತಿಯ ಗೊಡವೆಯಿಲ್ಲ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 3ರಿಂದ 4 ಮಂದಿ ಅದರ ವಾಹಕರು. ವಾಹಕನೆಂದರೆ ರೋಗಿಯಲ್ಲ, ಅವನು ಆರೋಗ್ಯವಂತನಾಗಿಯೇ ಬಾಳುತ್ತಾನೆ, ತನ್ನಲ್ಲಿ ದೋಷವಿದೆಯೆಂಬುದೇ ಅವನಿಗೆ ತಿಳಿದಿರುವುದಿಲ್ಲ. ವಾಹಕನು ದೋಷವಿಲ್ಲದವಳನ್ನು ವರಿಸಿದರೆ ಮಕ್ಕಳಿಗೆ ಆ ರೋಗ ಬಾರದು. ಆದರೆ ಇಬ್ಬರು ವಾಹಕರು ದಂಪತಿಗಳಾದರೆ ಪ್ರತಿಯೊಂದು ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ರೋಗದ ಸಂಭವ. ತೀವ್ರ ಥಲಸ್ಸೇಮಿಯಾದ ಮಗುವಿಗೆ ಎರಡು ಮೂರು ವಾರಗಳಿಗೊಮ್ಮೆ ಪರರ ರಕ್ತ ಬೇಕು. ಹುಣಸೂರಿನಿಂದಲೋ ಪಿರಿಯಾಪಟ್ಟಣದಿಂದಲೋ ಕೂಲಿ ಬಿಟ್ಟು ಮಗುವನ್ನೆತ್ತಿಕೊಂಡು ಮತ್ತೆ ಮತ್ತೆ ಆಸ್ಪತ್ರೆಗೆ ಅಲೆಯಬೇಕಾದ ತಾಯಿಯ ಪಾಡೇನು? ಇಷ್ಟಾದ ಮೇಲೆ “ಸೊಸೆಯ ಕಾಲ್ಗುಣ ಸರಿಯಿಲ್ಲ” ಎಂಬ ನಿಂದೆಯೂ ಆಕೆಗೇ! ಇಂಥ ರೋಗದಲ್ಲಿ ಅರ್ಧ ಪಾಲು ತಂದೆಯದೆಂಬ ಸತ್ಯವನ್ನು ನಿಂದಿಸುವವರು ಅರಿಯರು.

“ನಮ್ಮ ಹಿರಿಯರು ಅಕ್ಕನ ಮಗಳನ್ನೇ ತಂದರು, ಏನಾಯಿತು?” ಎಂಬುದು ಇನ್ನೊಂದು ವಾದ. ಸೋದರ ಸಂಬಂಧದಲ್ಲಿ ಹುಟ್ಟಿದ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ, ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ಸೋದರಮಾವನಿಗೂ ಅಕ್ಕನ ಮಗಳಿಗೂ ವಂಶವಾಹಿಗಳಲ್ಲಿ ನಾಲ್ಕನೆಯ ಒಂದು ಪಾಲು ಒಂದೇ ಮೂಲದ್ದು. ಅತ್ತೆಯ ಮಗಳು, ಮಾವನ ಮಗನಲ್ಲಿ ಎಂಟನೆಯ ಒಂದು ಪಾಲು. ಅಡಗಿದ ದೋಷವೊಂದಿದ್ದರೆ ಅದು ಎರಡು ಕಡೆಯಿಂದಲೂ ಬಂದು ಒಂದೇ ಕೂಸಿನಲ್ಲಿ ಕೂಡಿಕೊಳ್ಳುವ ದಾರಿಯನ್ನು ನಾವೇ ಹತ್ತಿರ ಮಾಡಿಕೊಟ್ಟಂತಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮದುವೆಗಳು ರಕ್ತಸಂಬಂಧದೊಳಗಿನವು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹುಟ್ಟುಗಿವುಡಾದ ಮಗುವನ್ನು ಕರೆದೊಯ್ದರೆ ತಂದೆತಾಯಿಗಳು ರಕ್ತಸಂಬಂಧಿಗಳೇ ಎಂದು ಕೇಳುವುದು ಸುಮ್ಮನಲ್ಲ. ರೂಢಿಯಿರುವಲ್ಲಿ 1955ರ ಹಿಂದೂ ವಿವಾಹ ಕಾಯಿದೆಯು ಇಂಥ ಮದುವೆಗೆ ಅಡ್ಡಿಮಾಡಿಲ್ಲ, ನಿಜ; ಆದರೆ ಕಾಯಿದೆ ಒಪ್ಪಿದ್ದನ್ನು ನೆತ್ತರು ಒಪ್ಪಲೇಬೇಕೆಂದಿಲ್ಲ. ಆಸ್ತಿ ಹೊರಗೆ ಹೋಗಬಾರದೆಂದು ಸಂಬಂಧ ಬೆಳೆಸುವವರು, ಆಸ್ತಿಯ ಜೊತೆಗೆ ಒಳಗೇ ಉಳಿಯುವುದು ಇನ್ನೇನೆಂಬುದನ್ನು ಯೋಚಿಸಲಿ.

“ಪರೀಕ್ಷೆ ಮಾಡಿಸಿದರೆ ನಮ್ಮ ಹುಡುಗಿಗೆ ಮದುವೆಯೇ ಆಗದು” ಎಂಬ ಭಯ ಮಾತ್ರ ಹುರುಳಿಲ್ಲದ್ದಲ್ಲ. ಅದಕ್ಕೆ ಉತ್ತರ ಸೈಪ್ರಸ್ ದ್ವೀಪದಲ್ಲಿದೆ. ಥಲಸ್ಸೇಮಿಯಾದಿಂದ ತತ್ತರಿಸಿದ್ದ ಆ ನಾಡಿನಲ್ಲಿ 1983ರಲ್ಲಿ ಅಲ್ಲಿನ ಕ್ರೈಸ್ತ ಧರ್ಮಪೀಠವೇ ಮುಂದೆ ಬಂದು, ವಧೂವರರಿಬ್ಬರೂ ಪರೀಕ್ಷೆ ಮಾಡಿಸಿಕೊಂಡು ಸಲಹೆ ಪಡೆದ ಪತ್ರವನ್ನು ತಾರದೆ ಮದುವೆಯಿಲ್ಲವೆಂದಿತು. ಪತ್ರದಲ್ಲಿ ಫಲಿತಾಂಶವಿರುವುದಿಲ್ಲ, ಪರೀಕ್ಷೆಯಾಗಿದೆ ಎಂದಷ್ಟೇ ಇರುತ್ತದೆ. ಫಲಿತಾಂಶ ಅವರಿಬ್ಬರಿಗೆ ಮಾತ್ರ ತಿಳಿದಿರತಕ್ಕದ್ದು. ಇಬ್ಬರೂ ವಾಹಕರೆಂದು ತಿಳಿದ ಬಹುಪಾಲು ಜೋಡಿಗಳು ಮದುವೆಯನ್ನು ಮುರಿಯಲಿಲ್ಲ. ತಿಳಿದೇ ಮದುವೆಯಾದರು, ಬಸಿರಿನ ಮೊದಲ ತಿಂಗಳುಗಳಲ್ಲಿಯೇ ಪರೀಕ್ಷೆ ಮಾಡಿಸಿ ತೀರ್ಮಾನ ತಮ್ಮದಾಗಿಸಿಕೊಂಡರು. ಆ ರೋಗವನ್ನು ಹೊತ್ತು ಹುಟ್ಟುವ ಮಕ್ಕಳು ಅಲ್ಲಿ ತೀರ ವಿರಳವಾದರು.

ಒಂದು ಧರ್ಮಪೀಠವು ಮಾಡಿದ್ದನ್ನು ನಮ್ಮ ಮಠಗಳು ಏಕೆ ಮಾಡಬಾರದು? ಲಗ್ನಪತ್ರಿಕೆಯನ್ನು ಹಿಡಿದು ಆಶೀರ್ವಾದಕ್ಕೆ ಬರುವ ಭಕ್ತರನ್ನೂ, ಸಾಮೂಹಿಕ ವಿವಾಹಕ್ಕೆ ಹೆಸರು ಬರೆಸುವವರನ್ನೂ “ರಕ್ತಪರೀಕ್ಷೆ ಆಯಿತೇ?” ಎಂದು ಕೇಳುವ ಪದ್ಧತಿ ಬರಲಿ. ಫಲಿತಾಂಶವನ್ನು ಯಾರೂ ಕೇಳಬಾರದು. ಕಾರ್ಡಿನ ಬಣ್ಣ ಇನ್ನೊಂದು ಜಾತಿಯಾದರೆ ಮದ್ದೇ ವಿಷವಾದಂತೆ. ಈ ಪರೀಕ್ಷೆ ಎಲ್ಲ ರೋಗಗಳನ್ನೂ ತೋರಿಸದು. ಆದುದರಿಂದ ಮೂರು ತಲೆಮಾರಿನ ಕಾಯಿಲೆ ಕಸಾಲೆಗಳನ್ನು ಎರಡೂ ಮನೆಯವರು ವೈದ್ಯರ ಮುಂದೆ ಬಿಚ್ಚಿ ಹೇಳಲಿ. ನಿಶ್ಚಿತಾರ್ಥವಾದ ಮೇಲಲ್ಲ, ಅದಕ್ಕೂ ಮುಂಚೆ.

ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ವೈದ್ಯರೂ ಉಪಾಧ್ಯಾಯರೂ ಆಗಿರುವ ಹಳೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ದೊಡ್ಡ ಋಣಸಂದಾಯವುಂಟೇ? ತಿಂಗಳಿಗೊಂದು ದಿನ ನಿಮ್ಮ ಊರಿನಲ್ಲಿ ಕುಳಿತು ಇದನ್ನು ತಿಳಿಯಹೇಳಿ. ಮೊದಲು ನಿಮ್ಮ ಮಕ್ಕಳ ಪರೀಕ್ಷೆಯನ್ನು ಮಾಡಿಸಿ, ಆಮೇಲೆ ಊರಿಗೆ ಹೇಳಿ. ದೋಷವನ್ನು ಹೊತ್ತು ಹುಟ್ಟಿದ್ದು ಯಾರ ತಪ್ಪೂ ಅಲ್ಲ. ತಿಳಿಯುವ ದಾರಿಯಿದ್ದೂ ತಿಳಿಯದೆ, ತಿಳಿದೂ ಮರೆಮಾಚಿ, ಕೂಸಿನ ಮೈಮೇಲೆ ಆ ಹೊರೆಯನ್ನು ಹೊರಿಸುವುದು ಮಾತ್ರ ಹಿರಿಯರಾದ ನಮ್ಮ ತಪ್ಪೇ ಸರಿ.